ಬಲೆಗಾರರ ಪಾಲು

ಗ್ರಿಮ್ಸ್‌ಬಿ
22 ಜನವರಿ 2024

ಪ್ರೀತಿಯ ಸಿರಿಲ್,

ಫೋನ್ ಮಾಡಿದರೆ ನಿನಗೆ ಅರ್ಧ ಮಾತು ಕೇಳಿಸುತ್ತದೆ. ಉಳಿದರ್ಧವನ್ನು ನೀನೇ ಊಹಿಸಿಕೊಂಡು ಸಿಟ್ಟಾಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಬಲೆಗಾರರ ಟ್ರಸ್ಟಿನ ನೋಟಿಸು ಬಂತಲ್ಲ? ನನ್ನ ಷೇರುಗಳು ಕಂಪ್ಯೂಟರಿನ ಖಾತೆಯಲ್ಲಿರುವುದರಿಂದ ನನಗೆ ಅಲ್ಲೇ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬಂದಿದೆ. ಅಮ್ಮನ ಕಾಗದದ ಷೇರುಪತ್ರಗಳನ್ನು ನೀನು ಹಾಗೇ ಇಟ್ಟುಕೊಂಡಿದ್ದೀಯಲ್ಲ, ನಿನಗೆ ಎಂಬತ್ತು ಪುಟದ ಪುಸ್ತಕವೇ ಅಂಚೆಯಲ್ಲಿ ಬಂದಿರುತ್ತದೆ.

ವಿಷಯ ಇಷ್ಟು. ಟಾರ್ನ್‌ಹರ್ಸ್ಟ್ ಎಂಬ ಲಂಡನ್ನಿನ ಫಂಡು ಹೋದ ವರ್ಷವಿಡೀ ಸದ್ದಿಲ್ಲದೆ ನಮ್ಮ ಷೇರುಗಳನ್ನು ಕೊಂಡು ಈಗ ನೂರಕ್ಕೆ ಇಪ್ಪತ್ತೊಂಬತ್ತು ಪಾಲಿನ ಒಡೆಯನಾಗಿದೆ. ಫೆಬ್ರವರಿ ಹದಿನಾಲ್ಕರಂದು ಲಂಡನ್ನಿನಲ್ಲಿ ವಿಶೇಷ ಸಭೆ. ಐದೂ ಜನ ನಿರ್ದೇಶಕರನ್ನು ಕಿತ್ತು ತಮ್ಮ ಮೂವರನ್ನು ಕೂರಿಸಬೇಕಂತೆ. ಆಮೇಲೆ ಟ್ರಸ್ಟಿನ ಹಣವನ್ನೆಲ್ಲ ಟಾರ್ನ್‌ಹರ್ಸ್ಟೇ ನೋಡಿಕೊಳ್ಳುತ್ತದೆ. ಅದಕ್ಕೆ ಶುಲ್ಕ ಎಷ್ಟು ಎಂಬುದು ಎಲ್ಲೂ ಬರೆದಿಲ್ಲ. ಹಾಕಿದ ಮತಗಳಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು ಸಿಕ್ಕರೆ ಅವರು ಗೆದ್ದ ಹಾಗೆ. ನಮ್ಮಂಥ ಸಣ್ಣ ಷೇರುದಾರರು ಒಂಬತ್ತು ಸಾವಿರ ಜನ ಇದ್ದೇವೆ, ಆದರೆ ಮತ ಹಾಕುವವರು ಎಷ್ಟು ಮಂದಿ ಹೇಳು. ಅವರ ಲೆಕ್ಕ ನಿಂತಿರುವುದೇ ನಮ್ಮ ಸೋಮಾರಿತನದ ಮೇಲೆ.

ಸಣ್ಣ ಉಳಿತಾಯಗಳನ್ನು ಕೂಡಿಸಿ ಕಂಪನಿಗಳಲ್ಲಿ ತೊಡಗಿಸುವ ಆ ಟ್ರಸ್ಟು ಹುಟ್ಟಿದ್ದು ಈ ಬಂದರಿನ ಬಲೆ ಹೆಣೆಯುವ ಹೆಂಗಸರಿಗಾಗಿ. ಅಮ್ಮ ಹಿತ್ತಿಲಲ್ಲಿ ನಿಂತು, ಕೈ ಬಿರಿದು ರಕ್ತ ಬಂದರೂ ಹೆಣೆದು, ವಾರಕ್ಕೊಂದು ಶಿಲ್ಲಿಂಗ್ ಹಾಕಿದ್ದು ಅದಕ್ಕೇ. ಆಕೆ ಬಿಟ್ಟುಹೋದ ಹತ್ತು ಸಾವಿರ ಷೇರು ನಿನಗರ್ಧ ನನಗರ್ಧ. ನೀನು ಆಮೇಲೆ ಇನ್ನೂ ಕೊಂಡಿದ್ದೀಯ ಎಂದು ಗೊತ್ತು.

ನಮ್ಮ ಮಂಗಳವಾರದ ಷೇರು ಕೂಟ ಟಾರ್ನ್‌ಹರ್ಸ್ಟಿನ ವಿರುದ್ಧ ನಿಲ್ಲಲು ತೀರ್ಮಾನಿಸಿದೆ. ನಗಬೇಡ. ನಾಲ್ಕು ಜನ ನಿವೃತ್ತ ಶಾಲೆಯ ಅಡುಗೆಯವರು, ಒಬ್ಬ ಬಸ್ ಡ್ರೈವರ್, ಒಬ್ಬಳು ನರ್ಸ್, ಜೊತೆಗೆ ಎಂಬತ್ತೆಂಟರ ನೋರಾ ಬ್ಲಾಂಚರ್ಡ್. ಅಮ್ಮನ ಪಕ್ಕದಲ್ಲಿ ಬಲೆ ಹೆಣೆಯುತ್ತಿದ್ದಳಲ್ಲ, ಅದೇ ನೋರಾ. ಆ ಪುಸ್ತಕದ ಜೊತೆ ಬಂದಿರುವ ಬಿಳಿ ಮತಪತ್ರದಲ್ಲಿ 'ವಿರೋಧ' ಎಂಬಲ್ಲಿ ಗೀಟು ಎಳೆದು ಇವತ್ತೇ ಅಂಚೆಗೆ ಹಾಕು. ಬೇರೇನೂ ಕೇಳುವುದಿಲ್ಲ.

ನಿನ್ನ ತಂಗಿ
ಬೆರಿಲ್


ಸಿಡ್ಮತ್, ಡೆವನ್
26 ಜನವರಿ 2024

ಪ್ರೀತಿಯ ಬೆರಿಲ್,

ಪತ್ರ ತಲುಪಿತು. ಮೂವತ್ತೊಂದು ವರ್ಷ ಬ್ಯಾಂಕಿನ ಮೇಜಿನ ಹಿಂದೆ ಕೂತವನ ಮಾತನ್ನು ಸ್ವಲ್ಪ ತಾಳ್ಮೆಯಿಂದ ಓದು.

ಷೇರು ಬೇರೆ, ಅಮ್ಮ ಬೇರೆ. ಟ್ರಸ್ಟಿನೊಳಗಿನ ಆಸ್ತಿಯನ್ನು ಹಂಚಿದರೆ ಒಂದು ಷೇರಿಗೆ ಮೂರು ಪೌಂಡ್ ಇಪ್ಪತ್ತು ಪೆನ್ಸ್ ಬರುತ್ತದೆ. ಪೇಟೆಯಲ್ಲಿ ಅದೇ ಷೇರು ಎರಡು ತೊಂಬತ್ತಕ್ಕೆ ಸಿಗುತ್ತದೆ. ಈ ಮೂವತ್ತು ಪೆನ್ಸಿನ ಅಂತರವನ್ನು ನಿಮ್ಮ ನಿರ್ದೇಶಕರು ವರ್ಷಗಟ್ಟಲೆ ಮುಚ್ಚಲಿಲ್ಲ. ಬಾಗಿಲು ತೆರೆದಿಟ್ಟು ಮಲಗಿದವರು ಯಾರೋ ಒಳಗೆ ಬಂದರೆಂದು ಬೊಬ್ಬೆ ಹೊಡೆಯಬಾರದು. ಟಾರ್ನ್‌ಹರ್ಸ್ಟ್ ಮಾಡುತ್ತಿರುವುದು ಕಾನೂನಿಗೆ ಒಳಪಟ್ಟ ವ್ಯವಹಾರ. ಸಾಧ್ಯವಿದ್ದರೆ ಒಳ್ಳೆಯ ಬೆಲೆ ನೋಡಿ ಮಾರಿಬಿಡು. ನಿನ್ನ ಹತ್ತಿರ ಇರುವುದೇ ಎಷ್ಟು, ಅಷ್ಟಕ್ಕಾಗಿ ಈ ಚಳಿಯಲ್ಲಿ ಬೀದಿ ಬೀದಿ ಅಲೆಯುವುದು ಬೇಡ.

ನನ್ನ ಪಾಲಿನ ವಿಷಯ ನಾನು ಆಗಲೇ ಯೋಚಿಸಿ ಮುಗಿಸಿದ್ದೇನೆ.

ಕ್ರಿಸ್ಮಸ್ಸಿಗೆ ಕಳುಹಿಸಿದ ಐವತ್ತು ಪೌಂಡಿನ ಚೆಕ್ಕು ಸಿಕ್ಕಿತೇ? ಅದನ್ನು ಮನೆ ಬೆಚ್ಚಗಿಡುವುದಕ್ಕೆ ಬಳಸಿಕೋ.

ಸಿರಿಲ್


ಗ್ರಿಮ್ಸ್‌ಬಿ
30 ಜನವರಿ 2024

ಸಿರಿಲ್,

ನಿನ್ನ ಪತ್ರವನ್ನು ಕೂಟದಲ್ಲಿ ಓದಿ ಹೇಳಿದೆ. ಅಂತರದ ವಿಷಯದಲ್ಲಿ ನೀನು ಹೇಳಿದ್ದು ನಿಜ ಎಂದು ಎಲ್ಲರೂ ಒಪ್ಪಿದರು. ನಿರ್ದೇಶಕರು ನಿದ್ದೆ ಮಾಡಿದ್ದಾರೆ, ಅವರನ್ನು ಎಬ್ಬಿಸುವುದು ನಮ್ಮ ಕೆಲಸ. ಆದರೆ ಕಾವಲುಗಾರ ಮಲಗಿದ ಎಂದು ಮನೆಯನ್ನೇ ಬೇರೆಯವರಿಗೆ ಬರೆದುಕೊಡುತ್ತಾರೆಯೇ?

ಟಾರ್ನ್‌ಹರ್ಸ್ಟಿನ ಆಲಿಸ್ಟರ್ ಪೆನ್ ಎಂಬವನು ಮೊನ್ನೆ ಇಲ್ಲಿಗೇ ಬಂದಿದ್ದ. ಬಂದರಿನ ಹೋಟೆಲಿನಲ್ಲಿ ಷೇರುದಾರರಿಗೆ ಬೆಳಗಿನ ತಿಂಡಿ. ಮೂವತ್ತೈದರ ಪ್ರಾಯ, ಒಳ್ಳೆಯ ಶೂಸು. ನಾನು ಸಾಸೇಜು ತಿಂದೆ, ಅವನ ಮಾತನ್ನೂ ಕೇಳಿದೆ. ನಮ್ಮ ಟ್ರಸ್ಟು ಹಳೆಯ ಕಾಲದ್ದು, ಹೊಸ ಗಾಳಿ ಬೇಕು, ನಮ್ಮ ಒಳ್ಳೆಯದಕ್ಕೇ ಇದೆಲ್ಲ ಎಂದು ಅರ್ಧ ಗಂಟೆ ಹೇಳಿದ. ನಾನು ಕೈ ಎತ್ತಿ ಈಗ ನೂರು ಪೌಂಡಿಗೆ ವರ್ಷಕ್ಕೆ ನಲವತ್ತೈದು ಪೆನ್ಸ್ ಶುಲ್ಕ ಕೊಡುತ್ತಿದ್ದೇವೆ, ನೀವು ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ.

"ಅದನ್ನ ಸಭೆ ಆದ್ಮೇಲೆ ಹೊಸ ನಿರ್ದೇಶಕರು ತೀರ್ಮಾನ ಮಾಡ್ತಾರೆ, ಮೇಡಂ."

"ಆ ಹೊಸ ನಿರ್ದೇಶಕರು ಯಾರಪ್ಪ?"

"ನಾನೊಬ್ಬ ಇರ್ತೀನಿ."

ಇಡೀ ಕೋಣೆ ನಕ್ಕಿತು. ಅವನೂ ನಕ್ಕ. ಹೊರಡುವಾಗ ಬಾಗಿಲ ಹತ್ತಿರ ನನಗೆ ತೊಡಲು ಕೋಟು ಹಿಡಿದುಕೊಟ್ಟು, ಮೆತ್ತಗೆ ಹೇಳಿದ: "ನಿಮ್ಮಂಥೋರು ಓಟು ಹಾಕಲ್ಲ ಮೇಡಂ. ಹಾಕಿದ್ದಿದ್ರೆ ನಾವು ಬರ್ತಾನೇ ಇರ್ಲಿಲ್ಲ."

ಆ ಮಾತು ಎದೆಗೆ ನಾಟಿದೆ, ಯಾಕೆಂದರೆ ಅದು ನಿಜ. ಇಪ್ಪತ್ತು ವರ್ಷದಲ್ಲಿ ನಾನು ಮತ ಹಾಕಿದ್ದು ಎರಡು ಸಲ.

ಈಗ ಕೆಲಸ ಹೀಗೆ ನಡೆದಿದೆ. ಷೇರುದಾರರ ಹೆಸರಿನ ಪಟ್ಟಿಯನ್ನು ನೋಡುವ ಹಕ್ಕು ಪ್ರತಿ ಷೇರುದಾರನಿಗೂ ಇದೆ. ಕಾರಣ ಬರೆದು, ಶುಲ್ಕ ಕಟ್ಟಿ ನೋರಾಳ ಹೆಸರಿನಲ್ಲಿ ಕೇಳಿದ್ದೇವೆ. ಪಟ್ಟಿ ನಾಳೆ ಬರುತ್ತದೆ. ಕಾಗದದ ಷೇರುಪತ್ರ ಇರುವ ಮೂರು ಸಾವಿರದ ನೂರು ಮಂದಿಗೂ ಕೈಯಲ್ಲೇ ವಿಳಾಸ ಬರೆದು ಪತ್ರ ಕಳುಹಿಸುತ್ತೇವೆ. ಅಂಚೆ ಖರ್ಚಿಗೆ ಕೂಟದ ಹಣವನ್ನು ತಳದವರೆಗೂ ಗೋರಿದ್ದೇವೆ. ನನ್ನ ಹಾಗೆ ಕಂಪ್ಯೂಟರಿನಲ್ಲಿ ಷೇರಿಟ್ಟವರ ಹೆಸರು ಆ ಪಟ್ಟಿಯಲ್ಲಿರುವುದಿಲ್ಲ, ಅವರನ್ನು ಮುಟ್ಟಲು ಪತ್ರಿಕೆಯೇ ಗತಿ. ನಮ್ಮೂರ ಪತ್ರಿಕೆ ನನ್ನ ಚಿತ್ರ ಹಾಕಿ ಬರೆಯಿತು. ಅದನ್ನು ನೋಡಿ ಲಂಡನ್ನಿನ ಒಂದು ಪತ್ರಿಕೆಯ ಉಳಿತಾಯದ ಪುಟದವರು ಫೋನ್ ಮಾಡಿದ್ದರು.

ನೀನು ಮತ ಹಾಕಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಬರೆಯಲಿಲ್ಲ.

ಬೆರಿಲ್


ಗ್ರಿಮ್ಸ್‌ಬಿ
3 ಫೆಬ್ರವರಿ 2024

ಸಿರಿಲ್,

ಪಟ್ಟಿ ಬಂದಿದೆ. ವಿಳಾಸ ಬರೆಯಲು ನನಗೆ ಬಂದ ಪಾಲು ಕೆ ಅಕ್ಷರದಿಂದ ಎಂ ವರೆಗೆ. ಮಾವರ್ ಎಂಬ ನಮ್ಮ ಮನೆತನದ ಹೆಸರಿನವರು ಹನ್ನೊಂದು ಜನ ಇದ್ದಾರೆ. ಒಬ್ಬಾತ ಕೆನಡಾದಲ್ಲಿದ್ದಾನೆ. ಸಿರಿಲ್ ಮಾವರ್ ಇಲ್ಲ.

ಮೂರು ಸಲ ನೋಡಿದೆ. ಆಮೇಲೆ ನಿನ್ನ ಪತ್ರ ತೆಗೆದು ಓದಿದೆ. 'ನಿಮ್ಮ ನಿರ್ದೇಶಕರು' ಎಂದು ಬರೆದಿದ್ದೀಯ. ನಮ್ಮ ಎಂದಲ್ಲ. ಆಗ ನನಗೆ ಹೊಳೆಯಲಿಲ್ಲ.

ಹಾಗಾದರೆ ನೀನು ಮಾರಿದ್ದೀಯ. ಹೋದ ವರ್ಷವಿಡೀ ಕೊಳ್ಳುತ್ತಿದ್ದವನು ಒಬ್ಬನೇ, ಅವನಿಗೇ ಮಾರಿದ್ದೀಯ. ಮಾರಿ, ದುಡ್ಡು ಎಣಿಸಿ, ಆಮೇಲೆ ನನಗೆ ಕೂತು ಬುದ್ಧಿ ಹೇಳಿದೆ. ಬೊಬ್ಬೆ ಹೊಡೆಯಬೇಡ, ಬೀದಿ ಅಲೆಯಬೇಡ ಎಂದೆ. ನೀನು ಹದಿನೇಳಕ್ಕೇ ಈ ಊರಿನ ಮೀನಿನ ವಾಸನೆ ತೊಳೆದುಕೊಂಡು ಹೋದವನು, ಅದಕ್ಕೆ ನಾನು ಯಾವತ್ತೂ ಏನೂ ಅಂದಿಲ್ಲ. ಆದರೆ ಇದು ಅಮ್ಮನ ಬೆವರು. ಅಷ್ಟು ಬೆಲೆ ಬಂತೆಂದು ನನಗೊಂದು ಮಾತು ಹೇಳಿದ್ದರೆ ನಾನೇ ಕೊಳ್ಳುತ್ತಿದ್ದೆ.

ಉತ್ತರ ಬೇಡ. ನನಗೆ ಇನ್ನೂ ಮುನ್ನೂರು ಲಕೋಟೆ ಬರೆಯುವುದಿದೆ.

ಬೆರಿಲ್


ಸಿಡ್ಮತ್
6 ಫೆಬ್ರವರಿ 2024

ಬೆರಿಲ್,

ಬೇಡವೆಂದರೂ ಬರೆಯುತ್ತಿದ್ದೇನೆ. ನಾಲ್ಕು ಹಾಳೆ ಹರಿದಿದ್ದೇನೆ, ಇದು ಐದನೆಯದು.

ನಾನು ಮಾರಿದ್ದು ನಿಜ. ಹೋದ ಮೇ ತಿಂಗಳಲ್ಲಿ, ಹದಿನಾಲ್ಕು ಸಾವಿರ ಷೇರು, ನಲವತ್ತೊಂದು ಸಾವಿರ ಪೌಂಡು. ಪೇಟೆಯಲ್ಲಿ ಮಾರಿದೆ, ಕೊಂಡವರು ಯಾರೆಂದು ತಿಳಿಯದು. ಟಾರ್ನ್‌ಹರ್ಸ್ಟಿನ ಹೆಸರನ್ನು ನಾನು ಮೊದಲು ಕೇಳಿದ್ದು ನಿನ್ನ ಪತ್ರದಲ್ಲೇ.

ಆ ಹಣ ನನ್ನ ಹತ್ತಿರ ಇಲ್ಲ.

ಡೈಲಿಸ್ ತೀರಿಕೊಂಡ ಎರಡು ತಿಂಗಳಿಗೆ, ಹೆಂಡತಿಯಿಲ್ಲದ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಒಂದು ಜಾಹೀರಾತು ನೋಡಿದೆ. ಎರಡು ವರ್ಷದ ಠೇವಣಿ ಪತ್ರ, ನೂರಕ್ಕೆ ಎಂಟು ಪೌಂಡ್ ಬಡ್ಡಿ. ಎಲ್ಲರಿಗೂ ಗೊತ್ತಿರುವ ಒಂದು ಸಂಸ್ಥೆಯ ಹೆಸರು, ಅದೇ ಮುದ್ರೆ, ಅದೇ ವಿಳಾಸ, ಅದೇ ನೋಂದಣಿ ಸಂಖ್ಯೆ. ವಿವರ ಕೇಳಿದೆ. ಹಾರ್ಟ್‌ನೆಲ್ ಎಂಬವನು ಉತ್ತರ ಬರೆದ. ಫೋನಿನಲ್ಲಿ ನನಗೆ ಕಷ್ಟವೆಂದಾಗ, ಚಿಂತೆಯಿಲ್ಲ, ಎಲ್ಲವನ್ನೂ ಬರಹದಲ್ಲೇ ಮಾಡೋಣ ಎಂದ. ನಾನು ಬ್ಯಾಂಕಿನಲ್ಲಿದ್ದವನು ಎಂದು ತಿಳಿದ ಮೇಲೆ ಅವನ ಧಾಟಿಯೇ ಬದಲಾಯಿತು. ನಿಮಗೆ ಇದನ್ನೆಲ್ಲ ವಿವರಿಸಬೇಕೇ, ನೀವೇ ನಮಗೆ ಹೇಳಿಕೊಡಬೇಕಾದವರು ಎನ್ನುತ್ತಿದ್ದ. ಡೈಲಿಸ್ ಹೋದಳೆಂದು ಬರೆದಾಗ ಸಂತಾಪದ ಕಾರ್ಡು ಕಳುಹಿಸಿದ, ಬೆರಿಲ್. ಅಂಚೆಯಲ್ಲಿ. ಕೈಬರಹದಲ್ಲಿ. ಆ ವಾರ ನನ್ನ ಮನೆಗೆ ಬಂದ ಕಾರ್ಡು ಅದೊಂದೇ.

ಜುಲೈಯಲ್ಲಿ ಬಡ್ಡಿ ಬರಬೇಕಿತ್ತು. ಬರಲಿಲ್ಲ. ಹಣದ ಮಾತೆತ್ತದೆ ಅಸಲಿ ಸಂಸ್ಥೆಗೆ ಬರೆದೆ. ಹಾರ್ಟ್‌ನೆಲ್ ಎಂಬವರು ನಮ್ಮಲ್ಲಿ ಯಾರೂ ಇಲ್ಲ ಎಂದರು.

ಬ್ಯಾಂಕಿನಲ್ಲಿದ್ದಾಗ ಇಂಥ ಕಾಗದ ಹಿಡಿದು ಬಂದ ಎಷ್ಟೋ ಮುದುಕರನ್ನು ನನ್ನ ಮೇಜಿನ ಮುಂದೆ ಕೂರಿಸಿಕೊಂಡು ಬೈದಿದ್ದೇನೆ. ಇಷ್ಟೂ ತಿಳಿಯದೇ ನಿಮಗೆ ಎಂದಿದ್ದೇನೆ. ಅದಕ್ಕೇ ಪೊಲೀಸರಿಗೂ ಹೇಳಲಿಲ್ಲ, ನನ್ನ ಬ್ಯಾಂಕಿಗೂ ಹೇಳಲಿಲ್ಲ. ಮಗಳ ಮನೆಯಲ್ಲಿ ಕ್ರಿಸ್ಮಸ್ ಊಟ ಮಾಡಿದೆ, ಅವಳಿಗೂ ಹೇಳಲಿಲ್ಲ. ಪಿಂಚಣಿ ಇದೆ, ಮನೆ ಇದೆ, ಹೊಟ್ಟೆಗೆ ತೊಂದರೆಯಿಲ್ಲ. ಷೇರಿನ ವಿಷಯ ಬಂದಾಗ ಮಾತ್ರ ದೊಡ್ಡ ಮನುಷ್ಯನ ಹಾಗೆ ಮಾತಾಡಿಬಿಡುತ್ತೇನೆ. ಅಭ್ಯಾಸ.

ಈಗ ನಿನಗೆ ಗೊತ್ತಾಯಿತು. ಇದನ್ನು ಓದಿ ಸುಟ್ಟುಬಿಡು.

ಸಿರಿಲ್


ಗ್ರಿಮ್ಸ್‌ಬಿ
8 ಫೆಬ್ರವರಿ 2024

ಪ್ರೀತಿಯ ಸಿರಿಲ್,

ಸುಡಲಿಲ್ಲ. ಮೊದಲು ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ, ಆಮೇಲೆ ಕೂತು ಓದಿದೆ. ನಿನ್ನ ಮೇಲೆ ಹೊರಿಸಿದ ಅಪವಾದವನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆ ವಾರ ನಾನು ಕಾರ್ಡು ಕಳುಹಿಸಲಿಲ್ಲ, ಅಂತ್ಯಕ್ರಿಯೆಗೆ ಹೂವು ಕಳುಹಿಸಿದೆನಲ್ಲ ಎಂದುಕೊಂಡು ಸುಮ್ಮನಾಗಿದ್ದೆ. ಅದು ನನ್ನ ತಪ್ಪು.

ನೀನು ಬಚ್ಚಿಟ್ಟಿದ್ದನ್ನು ಹೇಳಿದೆಯಲ್ಲ, ನಾನು ಬಚ್ಚಿಟ್ಟಿದ್ದೂ ಒಂದಿದೆ. ನನ್ನ ಹತ್ತಿರ ಎಷ್ಟಿದೆ ಎಂದು ನೀನು ಯಾವತ್ತೂ ಕೇಳಲಿಲ್ಲ, ಅಡುಗೆಯವಳ ಹತ್ತಿರ ಏನಿರುತ್ತದೆ ಎಂದುಕೊಂಡೆ. ಮೂವತ್ತೆಂಟು ಸಾವಿರ ಷೇರಿದೆ. ಒಂದು ಲಕ್ಷ ಹತ್ತು ಸಾವಿರ ಪೌಂಡು. ಬಂದ ಲಾಭಾಂಶವನ್ನೆಲ್ಲ ಮೂವತ್ತು ವರ್ಷ ಅಲ್ಲಿಗೇ ಸುರಿದೆ. ನಿನ್ನ ಕ್ರಿಸ್ಮಸ್ ಚೆಕ್ಕುಗಳೂ ಅದರಲ್ಲೇ ಇವೆ. ನಿನಗೆ ಹೇಳಿದ್ದರೆ ಬುದ್ಧಿ ಹೇಳಲು ಶುರು ಮಾಡುತ್ತೀಯ ಎಂದು ಬಡವಿಯ ಹಾಗೆ ಇದ್ದುಬಿಟ್ಟೆ.

ಈಗ ಕೆಲಸದ ಮಾತು. ನೋರಾ ಹೋದ ವಾರ ಮಹಡಿ ಮೆಟ್ಟಿಲಲ್ಲಿ ಬಿದ್ದಳು, ಎದ್ದು ಓಡಾಡುವ ಹಾಗಿಲ್ಲ. ಅವಳದು ಅರವತ್ತೊಂದು ಸಾವಿರ ಷೇರು, ಎಲ್ಲ ಕಾಗದದಲ್ಲಿ. ಷೇರುದಾರರು ಯಾರನ್ನು ಬೇಕಾದರೂ ತಮ್ಮ ಪರವಾಗಿ ಸಭೆಗೆ ಕಳುಹಿಸಬಹುದು, ಹೋದವರಿಗೆ ಒಂದು ಷೇರೂ ಇಲ್ಲದಿದ್ದರೂ ನಡೆಯುತ್ತದೆ. ಅವರು ಅಲ್ಲಿ ಎದ್ದು ನಿಂತು ಮಾತಾಡಬಹುದು. ನಮ್ಮ ಕೂಟದ ಬೇರೆ ಯಾರ ಷೇರೂ ಕಾಗದದಲ್ಲಿಲ್ಲ. ಮನೆಯಿಂದಲೇ ಮತ ಹಾಕಿದ್ದೇವೆ, ಆದರೆ ಸಭೆಗೆ ಹೋಗಲು ಬೇಕಾದ ಚೀಟಿಗೆ ಕಂಪ್ಯೂಟರ್ ಖಾತೆ ನಡೆಸುವವರು ಹತ್ತು ದಿನ ಕೇಳುತ್ತಾರೆ.

ನೋರಾ ನನ್ನ ಹೆಸರು ಬರೆಯಲು ಪೆನ್ನು ತೆಗೆದಿದ್ದಳು. ನಾನು ನಿನ್ನ ಹೆಸರು ಬರೆಸಿದೆ. ಫಾರ್ಮು ನಿನ್ನೆಯೇ ಹೋಯಿತು. ನೀನು ಹೋಗಿ ಮತ ಹಾಕದಿದ್ದರೆ ಅರವತ್ತೊಂದು ಸಾವಿರ ಮತ ಗಾಳಿಗೆ ಹೋಗುತ್ತದೆ.

ನಿನಗೆ ಮೋಸವಾದದ್ದನ್ನು ಅವಳಿಗೆ ಹೇಳಿದ್ದೇನೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಎಪ್ಪತ್ನಾಲ್ಕನೇ ಇಸ್ವೀಲಿ ಒಬ್ಬ ನಂಗೆ ಮೇಬಲ್‌ಥಾರ್ಪ್ ಸಮುದ್ರದ ದಡದಲ್ಲಿ ಕ್ಯಾರವಾನ್ ಮಾರಿದ. ಹೋಗಿ ನೋಡಿದ್ರೆ ಅಲ್ಲಿ ಕತ್ತೆ ಕಟ್ಟಿದ್ರು. ನಾನು ಇಡೀ ಬೀದಿಗೆ ಹೇಳ್ಕೊಂಡು ತಿರುಗಿದೆ, ಅವನು ಇನ್ನೊಬ್ರಿಗೆ ಮಾರೋಕಾಗ್ಲಿಲ್ಲ. ನಿಮ್ಮಣ್ಣಂಗೇನು ದಾಡಿಯಂತೆ?"

ಬೆರಿಲ್


ಸಿಡ್ಮತ್
10 ಫೆಬ್ರವರಿ 2024

ಬೆರಿಲ್,

ನಿನಗೆ ಮಾತ್ರ ಹೇಳಿದ್ದನ್ನು ಊರಿಗೆ ಹಂಚಿದ್ದೀಯ. ನನ್ನ ಹೆಸರು ಬರೆಸುವ ಮೊದಲು ಒಂದು ಮಾತು ಕೇಳಲಿಲ್ಲ. ನಾನು ಹೋಗುವುದಿಲ್ಲ. ಬೇರೆ ದಾರಿ ನೋಡಿಕೊಳ್ಳಿ.

ಸಿರಿಲ್


ಸಿಡ್ಮತ್
15 ಫೆಬ್ರವರಿ 2024

ಪ್ರೀತಿಯ ಬೆರಿಲ್,

ಫಲಿತಾಂಶ ನಿನಗೆ ಪತ್ರಿಕೆಯಿಂದಲೇ ತಿಳಿದಿರುತ್ತದೆ. ಒಳಗೆ ಏನಾಯಿತು ಎಂಬುದನ್ನು ನಾನು ಹೇಳಬೇಕು.

ಸೋಮವಾರದವರೆಗೂ ಹೋಗಬಾರದೆಂದೇ ಇದ್ದೆ. ಆ ದಿನ ಮಧ್ಯಾಹ್ನ ಒಂದು ಮಿಂಚಂಚೆ ಬಂತು. ಬೇರೆ ಹೆಸರು, ಬೇರೆ ಸಂಸ್ಥೆ. ನೀವು ಹಣ ಕಳೆದುಕೊಂಡದ್ದು ನಮಗೆ ತಿಳಿದಿದೆ, ಎರಡು ಸಾವಿರ ಪೌಂಡು ಕಟ್ಟಿದರೆ ಅಷ್ಟನ್ನೂ ವಾಪಸ್ ತರಿಸಿಕೊಡುತ್ತೇವೆ ಎಂದಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ನಿನಗೆ ಮತ್ತು ನಿನ್ನ ನೋರಾಗೆ ಬಿಟ್ಟರೆ, ಇದು ಗೊತ್ತಿದ್ದದ್ದು ಕದ್ದವನಿಗೆ ಮಾತ್ರ. ಅಂದರೆ ಅವನೇ ಮತ್ತೆ ಬಂದಿದ್ದಾನೆ, ಇಲ್ಲವೇ ನನ್ನ ಹೆಸರನ್ನು 'ಇವನು ಬಾಯಿ ಬಿಡುವುದಿಲ್ಲ' ಎಂದು ಇನ್ನೊಬ್ಬನಿಗೆ ಮಾರಿದ್ದಾನೆ. ನನ್ನ ಮೌನಕ್ಕೂ ಪೇಟೆಯಲ್ಲಿ ಒಂದು ಬೆಲೆ ಬಂದಿತ್ತು. ಆಮೇಲೆ ಎದ್ದು ಸೂಟಿಗೆ ಇಸ್ತ್ರಿ ಹಾಕಿದೆ.

ವಕೀಲರ ಕಚೇರಿಯ ಆರನೇ ಮಹಡಿ. ಹಾಕಿದ್ದು ನಲವತ್ತು ಕುರ್ಚಿ, ಬಂದವರು ನೂರಕ್ಕಿಂತ ಹೆಚ್ಚು. ಗೋಡೆಗೆ ಒರಗಿ ನಿಂತವರಲ್ಲಿ ಅರ್ಧದಷ್ಟು ಜನರ ಕೈಯಲ್ಲಿ ನಿಮ್ಮ ಕೈಬರಹದ ಲಕೋಟೆ. ಒಬ್ಬಾಕೆ ಅಬರ್ಡೀನಿನಿಂದ ಬಂದಿದ್ದಳು, ಮೊಮ್ಮಗಳಿಗೆಂದು ಮುನ್ನೂರು ಷೇರು ಇಟ್ಟವಳು.

ಪೆನ್ ಚೆನ್ನಾಗಿ ಮಾತಾಡಿದ, ಅದನ್ನು ಒಪ್ಪಬೇಕು. ಪ್ರಶ್ನೆಗಳ ಸಮಯ ಬಂದಾಗ ನಾನು ಕೈ ಎತ್ತಿದೆ. ಮೈಕು ಕೈಗೆ ಬಂತು.

"ಸಿರಿಲ್ ಮಾವರ್. ನೋರಾ ಬ್ಲಾಂಚರ್ಡ್ ಅವರ ಪರವಾಗಿ ಬಂದಿದ್ದೀನಿ. ನಂದು ಅಂತ ಒಂದು ಷೇರೂ ಇಲ್ಲ. ಇತ್ತು. ಹೋದ ಮೇ ತಿಂಗಳಲ್ಲಿ ಮಾರಿ ನಲವತ್ತೊಂದು ಸಾವಿರ ಪೌಂಡ್ ಒಬ್ಬ ಕಳ್ಳನ ಕೈಗೆ ಕೊಟ್ಟೆ. ನಾನು ಮೂವತ್ತೊಂದು ವರ್ಷ ಬ್ಯಾಂಕಲ್ಲಿದ್ದೋನು."

ಯಾರೂ ನಗಲಿಲ್ಲ, ಬೆರಿಲ್. ಒಬ್ಬರೂ ನಗಲಿಲ್ಲ. ನಾನು ಆ ನಗುವಿಗೇ ಏಳು ತಿಂಗಳು ಹೆದರಿದ್ದೆ.

"ಆಗ ನಾನು ಒಂದು ಪ್ರಶ್ನೆ ಕೇಳ್ಲಿಲ್ಲ. ಇದ್ರಲ್ಲಿ ನಿಮಗೇನು ಸಿಗುತ್ತೆ ಅಂತ. ಮರ್ಯಾದೆಗೆ ಕಟ್ಟುಬಿದ್ದು ಕೇಳ್ಲಿಲ್ಲ. ಇವತ್ತು ಕೇಳ್ತಿದ್ದೀನಿ. ಮಿಸ್ಟರ್ ಪೆನ್, ನಿಮಗೆ ನೂರು ಪೌಂಡಿಗೆ ಎಷ್ಟು ಸಿಗುತ್ತೆ?"

ಅವನ ಮುಖ ಕೆಂಪಾಯಿತು. ನನ್ನ ನಷ್ಟಕ್ಕೆ ವಿಷಾದವಿದೆ, ಆದರೆ ತಮ್ಮದು ನೋಂದಾಯಿತ ಸಂಸ್ಥೆ, ಕಳ್ಳರ ಜೊತೆ ಹೋಲಿಸುವುದು ಸರಿಯಲ್ಲ ಎಂದ.

"ನಿಮ್ಮನ್ನ ಕಳ್ಳ ಅನ್ಲಿಲ್ಲ. ಎಷ್ಟು ಅಂತ ಕೇಳ್ದೆ."

ಹೊಸ ಮಂಡಳಿ, ಸೂಕ್ತ ಸಮಯ, ಮಾರುಕಟ್ಟೆಯ ದರ ಎಂದೇನೋ ಹೇಳಿದ. ನನಗೆ ನಿಜವಾಗಿಯೂ ಅರ್ಧ ಕೇಳಿಸಲಿಲ್ಲ. ಹಾಗೆಂದು ಹೇಳಿದೆ. ಮತ್ತೆ ಹೇಳಿದ. ಮತ್ತೆ ಕೇಳಿಸಲಿಲ್ಲವೆಂದೆ. ಹಿಂದಿನಿಂದ ಅಬರ್ಡೀನಿನಾಕೆ, "ನಮಗೆ ಕಿವಿ ಸರಿಯಾಗೇ ಇದೆ, ಆದ್ರೂ ಏನೂ ಕೇಳಿಸ್ಲಿಲ್ಲ" ಎಂದಳು. ಅಧ್ಯಕ್ಷರು ಪೆನ್‌ನ ಕಡೆ ತಿರುಗಿ, ಅವರು ನಡೆಸುವ ಬೇರೆ ಟ್ರಸ್ಟುಗಳಲ್ಲಿ ಎಷ್ಟು ತೆಗೆದುಕೊಳ್ಳುತ್ತಾರೆ, ಅದನ್ನಾದರೂ ಹೇಳಲಿ ಎಂದರು.

"ಒಂದು ಪೌಂಡ್ ಹತ್ತು ಪೆನ್ಸ್."

ಈ ಸಲ ನನಗೂ ಕೇಳಿಸಿತು. ಈಗಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಆ ಲಂಡನ್ ಪತ್ರಿಕೆಯಿಂದ ಬಂದಿದ್ದ ಹುಡುಗಿ ಬರೆದುಕೊಂಡಳು. ನಾನು ನೋರಾಳ ಚೀಟಿಯಲ್ಲಿ ಗೀಟು ಎಳೆದು ಪೆಟ್ಟಿಗೆಗೆ ಹಾಕಿದೆ.

ಬಿದ್ದ ಮತಗಳಲ್ಲಿ ನೂರಕ್ಕೆ ಐವತ್ತಮೂರು ನಮ್ಮ ಕಡೆ. ನನ್ನ ಭಾಷಣದಿಂದ ಗೆದ್ದೆವೆಂದು ಯಾರಾದರೂ ಹೇಳಿದರೆ ನಂಬಬೇಡ. ಹೆಚ್ಚಿನ ಮತಗಳು ಸಭೆಗೆ ಮೊದಲೇ ಬಿದ್ದಿದ್ದವು. ಗೆಲ್ಲಿಸಿದ್ದು ನಿಮ್ಮ ಲಕೋಟೆಗಳು. ಎಣಿಕೆ ಮುಗಿದ ಮೇಲೆ ಅಧ್ಯಕ್ಷರ ಹತ್ತಿರ ಹೋಗಿ, ಆ ಮೂವತ್ತು ಪೆನ್ಸ್ ಅಂತರಕ್ಕೆ ಏನು ಮಾಡುತ್ತೀರಿ ಎಂದು ಕೇಳಿದೆ. ಬೇಸಿಗೆಯೊಳಗೆ ಉತ್ತರ ಕೊಡುತ್ತೇನೆ ಎಂದಿದ್ದಾರೆ. ಬರೆದು ಕೊಡಿ ಎಂದು ಬಂದಿದ್ದೇನೆ.

ರೈಲಿನಲ್ಲಿ ಹಿಂತಿರುಗುವಾಗ ಒಂದು ಮಾಂಸದ ಪೈ ಕೊಂಡು ಪೂರ್ತಿ ತಿಂದೆ. ಎಷ್ಟೋ ದಿನದ ಮೇಲೆ ಹಸಿವಾಗಿತ್ತು.

ನಿನ್ನ ಮೇಲೆ ಇನ್ನೂ ಸ್ವಲ್ಪ ಕೋಪವಿದೆ.

ಸಿರಿಲ್


ಗ್ರಿಮ್ಸ್‌ಬಿ
17 ಫೆಬ್ರವರಿ 2024

ಪ್ರೀತಿಯ ಸಿರಿಲ್,

ಕೋಪ ಇಟ್ಟುಕೋ, ಪರವಾಗಿಲ್ಲ. ನಿನ್ನನ್ನು ಕೇಳದೆ ಹೆಸರು ಬರೆಸಿದ್ದು ತಪ್ಪೇ. ಕೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ, ಅದೂ ನಿಜವೇ.

ನಿನ್ನ ಪತ್ರವನ್ನು ನೋರಾಗೆ ಅವಳ ಹಾಸಿಗೆಯ ಹತ್ತಿರ ಕೂತು ಓದಿದೆ. ಪೆನ್ ಮೂರನೆಯ ಸಲ ಹೇಳಿದ ಜಾಗಕ್ಕೆ ಬಂದಾಗ ನಿಲ್ಲಿಸಿ, ಮೊದಲಿಂದ ಓದು ಎಂದಳು. ಮುಗಿದ ಮೇಲೆ ಹ್ಯಾಡಕ್ ಮೀನು ತರಿಸಿ ತಿಂದೆವು. ಅವಳಿಗೆ ವೈದ್ಯರು ಕರಿದದ್ದು ಬೇಡ ಎಂದಿದ್ದಾರೆ. ವೈದ್ಯರಿಗೆ ಎಷ್ಟು ಷೇರಿದೆ ಎಂದು ಕೇಳಿದಳು.

ಟಾರ್ನ್‌ಹರ್ಸ್ಟ್ ಹೇಳಿಕೆ ಕೊಟ್ಟಿದೆ. ಶರತ್ಕಾಲದಲ್ಲಿ ಮತ್ತೆ ಸಭೆ ಕರೆಯುತ್ತಾರಂತೆ. ಕರೆಯಲಿ. ವಿಳಾಸದ ಪಟ್ಟಿ ಈಗ ನಮ್ಮ ಹತ್ತಿರವೇ ಇದೆ. ನಾನು ನಾಲ್ಕು ಸಾವಿರ ಷೇರನ್ನು ಕಂಪ್ಯೂಟರಿನಿಂದ ತೆಗೆಸಿ ಕಾಗದಕ್ಕೆ ಬದಲಾಯಿಸಿಕೊಳ್ಳುತ್ತಿದ್ದೇನೆ. ಮುಂದಿನ ಸಲ ಯಾರ ಚೀಟಿಗೂ ಕಾಯುವುದಿಲ್ಲ. ಆ ಪೆನ್ ನನ್ನ ಕೋಟು ಹಿಡಿದು ಹೇಳಿದ ಮಾತನ್ನು ಅವನ ಮುಖಕ್ಕೇ ಹಿಂತಿರುಗಿಸಬೇಕಿದೆ.

ಈಗ ನೀನು ಮೂರು ಪತ್ರ ಬರೆಯಬೇಕು. ಪೊಲೀಸರಿಗೆ ಒಂದು, ನಿನ್ನ ಬ್ಯಾಂಕಿಗೆ ಒಂದು, ಮಗಳಿಗೆ ಒಂದು. ಕೊನೆಯದನ್ನು ಮೊದಲು ಬರೆ.

ಬೆರಿಲ್


ಸಿಡ್ಮತ್
25 ಏಪ್ರಿಲ್ 2024

ಪ್ರೀತಿಯ ಬೆರಿಲ್,

ಎರಡು ತಿಂಗಳು ಬರೆಯಲಿಲ್ಲ. ಹೇಳಲು ಏನಾದರೂ ಆದ ಮೇಲೆ ಬರೆಯೋಣವೆಂದಿದ್ದೆ.

ಮೂರೂ ಪತ್ರ ಬರೆದೆ. ಪತ್ರ ಸಿಕ್ಕ ದಿನವೇ ಮಗಳು ರೊವೆನಾ ಕಾರು ಹತ್ತಿ ಬಂದಳು. ಹಣ ಹೋದದ್ದಕ್ಕೆ ಒಂದು ಮಾತೂ ಆಡಲಿಲ್ಲ. "ಕ್ರಿಸ್ಮಸ್ ದಿನ ನನ್ನ ಎದುರಿಗೆ ಕೂತಿದ್ರಲ್ಲ ಅಪ್ಪ" ಎಂದಳು, ಅಷ್ಟೇ. ಆಮೇಲೆ ಬಹಳ ಹೊತ್ತು ಅತ್ತಳು. ಪೊಲೀಸರು ದೂರಿಗೆ ಒಂದು ಸಂಖ್ಯೆ ಕೊಟ್ಟಿದ್ದಾರೆ. ಬ್ಯಾಂಕು ನನ್ನ ಕೋರಿಕೆಯನ್ನು ತಳ್ಳಿಹಾಕಿತು. ನಾನು ಅನುಭವಸ್ಥ ಬ್ಯಾಂಕರು, ತಿಳಿದೇ ಕಳುಹಿಸಿದ್ದು ಎಂದು ಬರೆದಿದ್ದಾರೆ. ಅದನ್ನು ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ ಒಪ್ಪಿಸಿದ್ದೇನೆ. ಹಣ ಬರಬಹುದು, ಬರದೆಯೂ ಇರಬಹುದು. ಆ ಬ್ಯಾಂಕಿನ ಪತ್ರದ ಒಂದೊಂದು ವಾಕ್ಯಕ್ಕೂ ಉತ್ತರ ಬರೆಯುವಾಗ ಮಾತ್ರ ಹತ್ತು ವರ್ಷ ಚಿಕ್ಕವನಾದ ಹಾಗಿತ್ತು. ಇಂಥ ಪತ್ರಗಳನ್ನು ಒಂದು ಕಾಲಕ್ಕೆ ನಾನೇ ಬರೆಯುತ್ತಿದ್ದೆ, ಅವು ಎಲ್ಲಿ ಟೊಳ್ಳು ಎಂದು ಗೊತ್ತು.

ನೀನು ಮಾರ್ಚಿನಲ್ಲಿ ಕಳುಹಿಸಿದ ಚೆಕ್ಕು ಇದರ ಜೊತೆಗಿದೆ, ನಿನ್ನ ಹಣ ಬೇಡ. ಪಿಂಚಣಿಯಲ್ಲಿ ತಿಂಗಳಿಗೆ ಇಪ್ಪತ್ತೈದು ಪೌಂಡು ತೆಗೆದಿಟ್ಟು ಬಲೆಗಾರರ ಷೇರು ಕೊಳ್ಳಲು ಶುರು ಮಾಡಿದ್ದೇನೆ. ಈಗ ಹದಿನಾರಿವೆ. ಶರತ್ಕಾಲದ ಸಭೆಗೆ ನನ್ನ ಹೆಸರಿನಲ್ಲೇ ಬರುತ್ತೇನೆ.

ಇನ್ನೊಂದು ವಿಷಯ. ಇಲ್ಲಿನ ಗ್ರಂಥಾಲಯದವರನ್ನು ಕೇಳಿ ಗುರುವಾರ ಬೆಳಿಗ್ಗೆ ಒಂದು ಮೇಜು ಹಾಕಿಸಿಕೊಂಡಿದ್ದೇನೆ. ಎದುರಿಗೆ ಒಂದು ರಟ್ಟು: 'ನಾನು ನಲವತ್ತೊಂದು ಸಾವಿರ ಪೌಂಡ್ ಕಳೆದುಕೊಂಡ ಬ್ಯಾಂಕರು. ಹಣ ಹಾಕುವ ಮೊದಲು ನನಗೆ ತೋರಿಸಿ.' ಮೊದಲ ಎರಡು ವಾರ ಯಾರೂ ಬರಲಿಲ್ಲ. ಜನ ರಟ್ಟು ಓದಿ, ನನ್ನ ಮುಖ ನೋಡಿ, ತೋಟಗಾರಿಕೆಯ ಪುಸ್ತಕಗಳ ಕಡೆ ಹೋಗುತ್ತಿದ್ದರು.

ಹೋದ ಗುರುವಾರ ಒಬ್ಬರು ಬಂದು ಕೂತರು. ನೌಕಾಪಡೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ನನಗಿಂತ ಹಿರಿಯರು. ಹೆಸರು ಬರೆಯುವುದಿಲ್ಲ. ತಮಗಲ್ಲ, ತಮ್ಮ ಸ್ನೇಹಿತರೊಬ್ಬರಿಗಾಗಿ ಕೇಳುತ್ತಿದ್ದೇನೆ ಎಂದು ಒಂದು ಕಾಗದ ಮುಂದಿಟ್ಟರು. ಎಂಟೂವರೆ ಬಡ್ಡಿ, ಎರಡು ವರ್ಷ. ಸಂಸ್ಥೆಯ ಹೆಸರು ಬೇರೆ, ವಾಕ್ಯಗಳು ಅವೇ. ನನಗೆ ಬಾಯಿಪಾಠ ಬರುವ ವಾಕ್ಯಗಳು.

"ನಿಮ್ಮ ಸ್ನೇಹಿತರು ದುಡ್ಡು ಕಳಿಸಿ ಆಯ್ತಾ?"

"ಇಲ್ಲ. ಇವತ್ತು ಮಧ್ಯಾಹ್ನ ಕಳಿಸ್ತಾರೆ."

"ಎಷ್ಟು?"

ಅವರು ಕಿಟಕಿಯ ಕಡೆ ನೋಡಿದರು. "ಇರೋದೆಲ್ಲ" ಎಂದರು.

ಆ ಸಂಸ್ಥೆಯ ನಿಜವಾದ ಫೋನ್ ಸಂಖ್ಯೆಯನ್ನು ಸರ್ಕಾರದ ಪಟ್ಟಿಯಲ್ಲಿ ಹುಡುಕಿ, ಗ್ರಂಥಾಲಯದ ಫೋನಿನಿಂದ ಅವರ ಕೈಯಲ್ಲೇ ಕರೆ ಮಾಡಿಸಿದೆ. ಆ ಕಡೆಯವರು ಹೇಳಿದ್ದು ನನಗೆ ಕೇಳಿಸಲಿಲ್ಲ, ಇವರ ಕುತ್ತಿಗೆ ಬೆವರುವುದು ಕಾಣಿಸಿತು. ಫೋನ್ ಇಟ್ಟ ಮೇಲೆ ಆ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಹೊರಡುವಾಗ ನನ್ನ ತೋಳು ಹಿಡಿದರು.

"ಇದು ನನ್ನ ಹೆಂಡತಿಗೆ ಗೊತ್ತಿಲ್ಲ. ದಯವಿಟ್ಟು ಯಾರ ಹತ್ರನೂ ಹೇಳ್ಬೇಡಿ."

"ನಾನು ಹೇಳಲ್ಲ" ಎಂದೆ. "ನೀವೇ ಹೇಳಿ."

ಇನ್ನು ಈ ಮನುಷ್ಯ ನನ್ನ ಮುಖವನ್ನೂ ನೋಡುವುದಿಲ್ಲ ಎಂದುಕೊಂಡೆ.

ಇವತ್ತು ಬೆಳಿಗ್ಗೆ ನಾನು ಹೋದಾಗ ಗ್ರಂಥಾಲಯದ ಬಾಗಿಲು ಇನ್ನೂ ತೆರೆದಿರಲಿಲ್ಲ. ಮೆಟ್ಟಿಲ ಮೇಲೆ ಅವರು ನಿಂತಿದ್ದರು, ಪಕ್ಕದಲ್ಲಿ ಅವರ ಹೆಂಡತಿ. ಆಕೆಯ ಕೈಯಲ್ಲಿ ಒಂದು ಕುರ್ಚಿ. ನೀವು ಕೂರುವ ಬದಿಯಲ್ಲಿ ಒಂದೇ ಕುರ್ಚಿ ಇದೆಯಂತಲ್ಲ, ನಿಮ್ಮ ಪಕ್ಕ ಕೂರಲು ಇವರಿಗೂ ಒಂದು ಬೇಕು ಎಂದರು.

ನಿನ್ನ ಅಣ್ಣ
ಸಿರಿಲ್